ಪಶ್ಚಿಮಕ್ಕೆ ನಂಜೇದೇವರ ಮನೆ

ಹಳೆಯ ಕ್ರಯಪತ್ರದಲ್ಲಿ ಅತ್ತೆಯ ಮನೆಗೆ
ಒಳಗು ಇಲ್ಲ, ನಾಲ್ಕು ದಿಕ್ಕು ಮಾತ್ರ.
ಪೂರ್ವಕ್ಕೆ ಬುಡನ್ ಸಾಬರ ಕುಲುಮೆ.
ಈಗ ಅಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತಾರೆ.
ಉತ್ತರಕ್ಕೆ ಮುನಿಸಿಪಾಲಿಟಿ ಚರಂಡಿ; ಅದು ಮಾತು ತಪ್ಪಿಲ್ಲ.
ದಕ್ಷಿಣಕ್ಕೆ ಈರನಗೆರೆಯ ಅಡ್ಡರಸ್ತೆ.
ಪಶ್ಚಿಮಕ್ಕೆ ಕಾಂಪೌಂಡರ್ ನಂಜೇದೇವರ ಮನೆ.
ನಾಲ್ಕರಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ.

ಉಯಿಲು ಸಿಕ್ಕಿದ್ದು ಬೈಬಲಿನಲ್ಲಲ್ಲ,
ನಾವೆಲ್ಲ ಮೊದಲು ಅಲ್ಲೇ ಹುಡುಕಿದೆವು.
ಮಿಷನ್ ಆಸ್ಪತ್ರೆಯ ಹಳೇ ಬೇಸಿನ್ನಿನ ಕೆಳಗೆ,
ಗಾಯ ಹೊಲಿಯುವ ದಾರದಲ್ಲಿ ಕಟ್ಟಿ, ಅವಳದೇ ಗಂಟು.
ಬಿಚ್ಚಲು ಬಾರದೆ ಕತ್ತರಿಸಿದೆ.

"ಮಾರಿ. ಐದು ಪಾಲು ಮಾಡಿ. ಜಗಳ ಆಡಬೇಡಿ,
ಆಡಿದರೆ ನನಗೆ ಕೇಳಿಸುವುದಿಲ್ಲ."
ಅದರ ಕೆಳಗೆ ಇನ್ನೊಂದು ಕಲಮು:
ಪಶ್ಚಿಮದ ಗೋಡೆಯುದ್ದಕ್ಕೂ ಆರಡಿ ಜಾಗ, ಸೀಬೆಮರ ಸಹಿತ,
ನೆರೆಯ ನಂಜೇದೇವರಿಗೆ ಸೇರತಕ್ಕದ್ದು.
ಅದರ ಕೆಳಗೆ ಸಾಕ್ಷಿಗಳು. ಒಬ್ಬರು ಸಭಾಪಾಲಕರು, ತೀರಿಕೊಂಡರು.
ಇನ್ನೊಬ್ಬರು
ಅವರೇ.

ವಕೀಲ ಪಾರ್ಶ್ವನಾಥ ಕನ್ನಡಕ ಹಣೆಗೇರಿಸಿ ನಕ್ಕರು.
"ಸಾಕ್ಷಿ ಹಾಕಿದವನಿಗೆ ಪಾಲಿಲ್ಲ ಕಣಮ್ಮ, ಕಾನೂನು.
ಆರಡಿ ನಿಮಗೇ ಉಳೀತು. ಸೈಟು ಚೌಕವಾಯ್ತು."
ಚೌಕ ಎಂಬ ಆ ಮಾತು
ಅವತ್ತಿನಿಂದ ನನ್ನ ಹಲ್ಲುಸಂದಿಯಲ್ಲಿದೆ.

ಪೇಪರಿನಲ್ಲಿ ಹಾಕಿಸಿದೆವು: ತಕರಾರಿದ್ದವರು ಹಾಜರಾಗತಕ್ಕದ್ದು.
ಚಿನ್ನದ ಸಾಲ, ಕೂದಲು ಕಸಿ, ನಡುವೆ ಸಿಸ್ಟರ್ ಜೀವಮಣಿ,
ಒಂದಕ್ಷರ ತಪ್ಪಾಗಿ.
ಬಾಣಂತಿ ವಾರ್ಡಿನಲ್ಲಿ ಅವಳು ತಲೆ ಹಿಡಿದು
ಈ ಲೋಕಕ್ಕೆಳೆದ ಅಷ್ಟು ಮಂದಿಯಲ್ಲಿ
ಒಬ್ಬರಾದರೂ ಬಂದು, ಇದು ಆಗಕೂಡದು,
ಅನ್ನಬಹುದೆಂದು ಯಾಕೋ ಕಾದೆ.
ಮೂವತ್ತು ದಿನ. ಯಾರೂ ಇಲ್ಲ.

ಕೋರ್ಟಿಗೆ ಅವರನ್ನು ಆಟೋದಲ್ಲಿ ಕರೆದೊಯ್ದೆ.
ಎಂಬತ್ತಾರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕ್ಯಾಪಿಲ್ಲದ ಪೆನ್ನು.
ಬ್ಯಾಂಕಿನ ಸಹಿಗೂ ಇದಕ್ಕೂ ತಾಳೆಯಿಲ್ಲವಲ್ಲ, ಎಂದರು ಜಡ್ಜು.
"ತಾಳೆ ಹೇಗಾದೀತು ಸ್ವಾಮಿ? ಬಲಗೈ ಮಣಿಕಟ್ಟು ಮುರಿದಿತ್ತು,
ಇದು ಎಡಗೈದು. ಪ್ಲಾಸ್ಟರು ಸುತ್ತಿದವನು ನಾನೇ.
ಇಪ್ಪತ್ತೆಂಟು ವರ್ಷ ಜ್ವರದ ಚಾರ್ಟಿನಡಿ ಕಂಡ ಸಹಿ.
ಜಕಾರದ ಹೊಟ್ಟೆ ಹಾಗೇ ಐತೆ, ನೋಡಿ."
ಜಡ್ಜು ನೋಡಿದರು. ಗುಮಾಸ್ತ ನೋಡಿದ.
ನಾನೂ ಬಗ್ಗಿ ನೋಡಿದೆ.

ವಾಪಸು ಬರುವಾಗ ಕೇಳಿಯೇಬಿಟ್ಟೆ:
ಸಹಿ ಹಾಕಿದರೆ ಜಾಗ ಹೋಗುತ್ತದೆಂದು ನಿಮಗೆ ಗೊತ್ತಿತ್ತೆ?
ಮಿಷನ್ ಆಸ್ಪತ್ರೆಯ ಗೇಟು ದಾಟುವವರೆಗೂ ಸುಮ್ಮನಿದ್ದರು.
"ಅವರಿಗೆ ಗೊತ್ತಿರಲಿಲ್ಲ," ಅಂದರು.
ಆಮೇಲೆ ಆಟೋದವನಿಗೆ, "ನಿಧಾನ ಹೋಗಪ್ಪ, ಮುಂದೆ ಗುಂಡಿ."

ನೋಂದಣಿ ಕಚೇರಿಯಲ್ಲಿ ಐದು ಜನ, ಐದು ಹೆಬ್ಬೆಟ್ಟು.
ನನ್ನದನ್ನು ಯಂತ್ರ ಮೂರು ಸಲ ಒಲ್ಲೆನೆಂದಿತು;
ಸೆರಗಿಗೆ ಒರೆಸಿ ಒತ್ತಿ ಮೇಡಂ, ಅಂದ ಹುಡುಗ.
ಕೊಂಡವರು ಫ್ಲೆಕ್ಸ್ ಬೋರ್ಡಿನವರು. ಒಳ್ಳೆಯವರೇ,
ಮರ ಕಡಿಯುತ್ತೇವೆಂದು ಮೊದಲೇ ಹೇಳಿದರು.
ಹೊಸ ಪತ್ರದಲ್ಲಿ ಪೂರ್ವಕ್ಕೆ ಬುಡನ್ ಸಾಬರಿಲ್ಲ.
ಪಶ್ಚಿಮ ಹಾಗೇ ಇದೆ.

ಬೀಗದ ಕೈ ಕೊಡುವ ದಿನ ಗೋಡೆಯಾಚೆ ಕೆಮ್ಮಿದ ಸದ್ದು.
"ನಿಮ್ಮತ್ತೆ ಹತ್ರ ನಂದೊಂದು ಬಿದಿರೇಣಿ ಉಳೀತು ಕಣಮ್ಮ,
ಸೀಬೆಕಾಯಿ ಕೀಳಕ್ಕೆ ಇಸ್ಕೊಂಡಿದ್ರು.
ಅದು ಉಯಿಲಲ್ಲಿ ಬರಲ್ಲ. ನಂದೇ."

ಹಿತ್ತಿಲಿನಲ್ಲಿತ್ತು, ಮರಕ್ಕೆ ಒರಗಿ.
ಸೀಳಿದ ಎರಡು ಮೆಟ್ಟಿಲಿಗೆ ಬ್ಯಾಂಡೇಜು ಸುತ್ತಿದೆ,
ಅದೇ ಗಂಟು.
ಗೋಡೆಯ ಮೇಲಿಂದ ದಾಟಿಸಿದೆ.
ಅರ್ಧ ಏಣಿ ಇತ್ತ, ಅರ್ಧ ಅತ್ತ;
ಅವರ ಮುಖ ಕಾಣದು, ಎರಡು ಕೈ ಮಾತ್ರ.
ನಾನು ಹಿಡಿದೇ ಇದ್ದೆ.

"ಬಂತು, ಬಿಡಮ್ಮ," ಅಂದರು.