ಲೀವಾತೇ

ನೆಟ್ಟ ವರ್ಷ ಏನೂ ಆಗಲಿಲ್ಲ.
ಆರ್ವೆದ್‌ನ ಸಮಾಧಿಯ ಮೇಲೆ, ತಲೆಯ ಕಡೆ ಅಲ್ಲ, ಕಾಲ ಕಡೆ,
ಬೆರಳುದ್ದದ ಮೂರು ಕಡ್ಡಿ.
ಬೇರು ಹಿಡಿಯುವ ತನಕ ನೀರು, ಆಮೇಲೆ ಮರೆತುಬಿಡು,
ಗೊಬ್ಬರವಂತೂ ತೋರಿಸಲೇ ಬೇಡ ಅಂದಿದ್ದಳು ಅತ್ತೆ.
ಹೊಟ್ಟೆ ತುಂಬಿಸಿದರೆ ಇದು ಎಲೆ ಬಿಡುತ್ತದೆ,
ಪರಿಮಳ ಬಿಡುವುದಿಲ್ಲ.

ಸಾರೆಮಾದ ಈ ತೀರದಲ್ಲಿ ಮಣ್ಣೆಂಬುದು
ಸುಣ್ಣಗಲ್ಲಿನ ಮೇಲೆ ಹೊದಿಸಿದ ತೆಳು ಚಾದರ.
ಗುಂಡಿ ತೋಡುವವರು
ಹಾರೆಯ ಜೊತೆ ಬೈಗುಳವನ್ನೂ ಹೊತ್ತು ತರುತ್ತಾರೆ.
ಜುನಿಪರ್ ಕೂಡ ಗಾಳಿಗೆ ಬೆನ್ನು ಕೊಟ್ಟು ಬಗ್ಗಿ ನಿಂತಿದೆ.
ಇದು ಏಳುವುದೇ ಇಲ್ಲ. ತೆವಳುತ್ತದೆ.
ತೆವಳಿದಲ್ಲೆಲ್ಲ ಗಂಟು, ಗಂಟಿಗೊಂದು ಬೇರು,
ಬೇರೂರಿದಲ್ಲಿಂದ ಮತ್ತೆ ಪಯಣ.

ನಮ್ಮ ಮಾತಿನಲ್ಲಿ ಇದರ ಹೆಸರು ಲೀವಾತೇ.
ಲೀವಾ ಎಂದರೆ ಮರಳಿನ. ತೇ ಎಂದರೆ ಚಹಾ.
ತೇ ಎಂದರೆ ದಾರಿಯೂ ಹೌದು.
ಯಾವುದು ನೀನು ಎಂದು ಗಿಡವನ್ನು ಯಾರೂ ಕೇಳಿಲ್ಲ.

ಮೂರನೆಯ ಬೇಸಗೆ ಅದು ಅಂಚಿನ ಕಲ್ಲು ಹತ್ತಿತು.
ಕಲ್ಲಿನಾಚೆ ಎಂದೆಲ್.
ದೋಣಿಮನೆಯ ಒಂದು ಗೇಣು ಜಾಗಕ್ಕೆ
ಮೂವತ್ತು ವರ್ಷ ಮಾತು ಬಿಟ್ಟಿದ್ದರು ಇಬ್ಬರೂ;
ಇವನು ಬಲೆ ಒಣಹಾಕಿದ ದಿನವೇ ಅವನು ಮೀನಿಗೆ ಹೊಗೆ ಹಾಕುವನು.
ಕೊನೆಗೆ ಚರ್ಚಿನ ಪಟ್ಟಿ
ಒಂದು ಗೇಣು ಬಿಟ್ಟು ಪಕ್ಕದಲ್ಲೇ ಮಲಗಿಸಿತು.

ಕತ್ತರಿಸಿಬಿಡೋಣ ಅಂದುಕೊಂಡೆ. ಹೂ ಮುಗಿಯಲಿ ಅಂದೆ.
ಹೂವಿನ ತುಂಬ ಜೇನು.
ಜೇನಿಗೆ ಗಡಿ ಹೇಳಲು ನಾನು ಯಾರು?
ಹೂ ಮುಗಿಯುವಷ್ಟರಲ್ಲಿ ನನಗೆ ಮಂಡಿನೋವು.

ಆಗಸ್ಟಿನಲ್ಲಿ ಸ್ಮಶಾನದ ಹಬ್ಬ.
ಪಾದ್ರಿ ಬರುವ ಮೊದಲು ತಮ್ಮವರ ಮೇಲಿನ ಮರಳನ್ನು
ಮರದ ಹಲ್ಲಿನ ಹಲುಬೆಯಿಂದ ಬಾಚಬೇಕು,
ಮೀನಿನ ಮುಳ್ಳಿನಂತೆ ಗೆರೆ ಮೂಡಬೇಕು,
ಹಿಮ್ಮುಖ ನಡೆಯುತ್ತ, ತನ್ನ ಹೆಜ್ಜೆ ತಾನೇ ಅಳಿಸುತ್ತ.
ಮಾಯ್ಮು ಬಂದಳು, ಎಂದೆಲ್‌ನ ಮಗಳು. ಅಪ್ಪನದೇ ದವಡೆ.
ಆರದ ಮೇಣದ ಬತ್ತಿಯನ್ನು ನಾನು ಮತ್ತೆ ಹಚ್ಚಿದೆ.

ಗೆರೆ ಬಂತು, ಬಂತು,
ಹಸಿರಿನ ಅಂಚಿಗೆ ಬಂದು ನಿಂತಿತು.
ಹಲುಬೆಯ ತುದಿಯಲ್ಲಿ ಒಂದು ಎಳೆ ಎತ್ತಿ ನೋಡಿದಳು.
ಬೇರು ಬಿಟ್ಟಿತ್ತು.
ಇಳಿಸಿದಳು. ಅದನ್ನು ಬಳಸಿಕೊಂಡು ಗೆರೆ ಮುಂದುವರಿಸಿದಳು.
ಆಮೇಲೆ ಚೀಲದಿಂದ ಕತ್ತರಿ.

ಬುಡದ ತನಕ ಅಲ್ಲ, ಮೇಲಿನ ಮೂರರಲ್ಲೊಂದು ಪಾಲು,
ಮರಗಟ್ಟಿದ ಕಾಂಡವನ್ನು ಮುಟ್ಟದೆ,
ಬಲ್ಲವರು ಕತ್ತರಿಸುವ ಹಾಗೆ.
ಒಂದು ಹಿಡಿ ಕಟ್ಟಿ, ಹಳೇ ಪತ್ರಿಕೆಯಲ್ಲಿ ಸುತ್ತಿ,
“ಇದು ನಮ್ಮ ಪಾಲಿನದು” ಅಂದಳು,
ಗಿಡಕ್ಕೋ, ನನಗೋ.

ಆ ಚಳಿಗಾಲ ಕೆಮ್ಮು ಯಾರ ಮನೆಯನ್ನೂ ಬಿಡಲಿಲ್ಲ.
ನನ್ನ ಒಲೆಯ ಮುಂದೆ ನಿಂತರೆ ಅವಳ ಚಿಮಣಿ ಕಾಣುತ್ತದೆ.
ಎರಡೂ ಕಡೆ ಒಂದೇ ಹೊತ್ತಿಗೆ ನೀರು ಕುದಿದಿರಬೇಕು.

ಈಗ ಗಿಡದ ನಡು ಬೋಳಾಗಿದೆ, ಥೇಟ್ ಆರ್ವೆದ್‌ನ ನೆತ್ತಿ.
ಹಿಮ ಕರಗಿದ ಮೇಲೆ ಅಲ್ಲಿ ಮರಳು ಸುರಿಯಬೇಕು,
ಎಳೆಯ ಕಡ್ಡಿ ಊರಬೇಕು.
ನನ್ನ ಬದಿಯಲ್ಲಿ ಎಳೆಯದು ಉಳಿದಿಲ್ಲ.
ಇರುವುದೆಲ್ಲ ಕಲ್ಲಿನಾಚೆ.
ಕೇಳಬೇಕು ಅವಳನ್ನು.