ಗೋ, ನೋ-ಗೋ

ಪೇಪರಿನ್ಯಾಗ ಬರದಾರ:
ಎರಡು ದೊಡ್ಡ ಪ್ರಜಾಪ್ರಭುತ್ವಗಳ ನಂಟು
ಇನ್ನಷ್ಟು ಬಿಗಿ ಆಗತೈತಿ ಅಂತ.
ಆ ಹಾಳಿ ಮ್ಯಾಲ ಚುರುಮುರಿ ಹರವಿ
ಭುಜಂಗಣ್ಣ ಓದಿದ. ನಾನು ನಕ್ಕೆ.

ಬಿಗಿ ಅನ್ನೂದು ನಮ್ಮ ಉದ್ಯಮಬಾಗದಾಗ ಒಳ್ಳೆ ಮಾತಲ್ಲ.
ಬುಷ್ ಬಿಗಿ ಆತಂದ್ರ ಶಾಫ್ಟ್ ಹಿಡಕೊಂಡು ಕುಂದರತೈತಿ,
ಕಾದು, ಕಿರಚಿ, ಒಂದಿನಾ ಒಡೀತೈತಿ.
ಸಡ್ಲ ಆತಂದ್ರ ಸೋರತೈತಿ.
ನಡುವ ಇರಬೇಕು
ಎಣ್ಣಿ ಹರದಾಡುವಷ್ಟು ಜಾಗಾ,
ಕೂದಲದ ಮೂರನೇ ಒಂದು ಪಾಲು.
ಹತ್ತೊಂಬತ್ತು ವರ್ಷ ಆ ಜಾಗಾ ಕಾಯೂದ ನನ್ನ ನೌಕರಿ.

ಕೈಯಾಗ ಒಂದು ಪ್ಲಗ್ ಗೇಜ್:
ಈ ತುದಿ ಒಳಗ ಹೋಗಬೇಕು,
ಆ ತುದಿ ಹೋಗಬಾರದು.
ಎರಡೂ ಹೋದರ ರಿಜೆಕ್ಟು.
ಎರಡೂ ಹೋಗದಿದ್ದರ ಮತ್ತ ಬೋರಿಂಗಿಗೆ.
ಲಗ್ನ ಆದ ಮ್ಯಾಲ ಇದು ಇನ್ನಷ್ಟು ತಿಳೀತು.

ಮಿಲ್‌ವಾಕಿ ಅನ್ನೂ ಊರಿನ ಡೊರತಿ ಬಾಯಿ
ಮೊದಲ ವರ್ಷ ನಮ್ಮ ನಾಕನೂರಾ ಹನ್ನೆರಡು ಪಂಪ್ ಬಾಡಿ
ತಿರುಗಿ ಕಳಿಸಿದ್ಲು. ಒಳಗ ಗುಳ್ಳಿ.
ಕಂಟೇನರು ಸಮುದ್ರ ದಾಟಿ ವಾಪಸ್ ಬಂದ ದಿನ
ಮಾಲಕರು ಡಬ್ಬಿ ಬಿಚ್ಚಲಿಲ್ಲ.
ಒಡದಿವಿ. ಕರಗಿಸಿದಿವಿ. ಉಸುಕು ಬದಲಿಸಿದಿವಿ.
ಎರಡನೇ ವರ್ಷ ಅಕಿ ಮೆಚ್ಚಿದ ಮಾಲು
ಅದ ಬೀಡಿಂದು.
ಇನ್ನೂ ಹೇಳಿಲ್ಲ ಅಕಿಗೆ.

ಆಮ್ಯಾಲ ಒಮ್ಮಿ ಸ್ವತಃ ಬಂದಿದ್ಲು, ಮೇ ತಿಂಗಳದಾಗ,
ಬಿಸಲಿಗೆ ಕೆಂಪಾದ ಮಾರಿ, ದಪ್ಪ ಬೂಟು.
ನನ್ನ ಉಗುರಿನ ಮಸಿ ನೋಡಿ ಏನಿದು ಅಂದ್ಲು.
ಅಕಿ ವಹಿಯ ಬೆನ್ನಿಗೆ
ಮತ ಹಾಕಿದ್ದಕ್ಕ ಕೊಟ್ಟ ದುಂಡನ್ನ ಚೀಟಿ, ಅಂಚು ಸುಕ್ಕಾಗಿತ್ತು.
'ನಾ ಹಾಕಿದಾತ ಸೋತ' ಅಂದ್ಲು.
ನಂದೂ ಪ್ರತಿಸಲ ಹಂಗ ಅಂದೆ.
ಇಬ್ಬರೂ ನಕ್ಕಿದ್ದಕ್ಕ
ಲೇಥಿನ ಹುಡುಗ ತಿರುಗಿ ನೋಡಿದ.

ಒಂದಿನಾ ಸುಂಕ ಏರಿತು.
ಯಾವ ಕೋಣ್ಯಾಗ, ಯಾರ ಸಹಿಯಿಂದ, ನಮಗೇನ ಗೊತ್ತು.
ಎರಡು ತಿಂಗಳು ಭಟ್ಟಿ ತಣ್ಣಗ.
ಮೂರನೇ ಗೇಟಿನ ಚಹಾದಂವ
ಉದ್ರಿ ವಹಿ ಗೂಟಕ್ಕ ಸಿಗಿಸಿಬಿಟ್ಟ.
ಡೊರತಿ ಎರಡ ಸಾಲು ಬರದ್ಲು:
ನಿಮ್ಮ ಬಾಡಿ ಇಲ್ಲದ ನಮ್ಮ ಲೈನೂ ನಿಂತೈತಿ,
ಹನ್ನೊಂದು ಮಂದಿ ಮನ್ಯಾಗ.
ಅವರ ಹೆಸರು ಬರದಿರಲಿಲ್ಲ.
ನಾನ ಒಂದೊಂದು ಇಟ್ಟು ನೋಡಿದೆ.

ಈಗ ಹತ್ತು ವರ್ಷದ ಕರಾರು.
ಮಾಲಕರು ಎಲ್ಲಾರಿಗೂ ಕುಂದಾ ಹಂಚಿದರು.
ಹತ್ತು ವರ್ಷ ಅಂದ್ರ
ನಮ್ಮವು ಎರಡು ಚುನಾವಣಿ, ಅವರವು ಎರಡೋ ಮೂರೋ.
ಎಷ್ಟು ಮಸಿ, ಎಷ್ಟು ಚೀಟಿ!

ಪೇಪರಿನವರಿಗೆ ಗೊತ್ತಿರಾಕಿಲ್ಲ,
ಗೇಜೂ ಸವೀತೈತಿ.
ವರ್ಷಕ್ಕೊಮ್ಮಿ ಅದನ್ನೂ ಅಳೀಬೇಕು.
ಸವಿಯೂದು
ಹೋಗಬಾರದ ತುದಿ ಅಲ್ಲ,
ದಿನಾ ಒಳಗ ಹೋಗಿ ಬರತೈತಲ್ಲ, ಅದು.

ಪಾಳಿ ಗಂಟಿ ಆತು.
ಭುಜಂಗಣ್ಣ ಹಾಳಿ ಝಾಡಿಸಿದ.
ಮೊದಲ ಬಾಡಿ ಇನ್ನೂ ಬೆಚ್ಚಗೈತಿ,
ಆರಲಿ ಅಂತ ಕುಂತೇನಿ.