ಉಳಿದ ಅಕ್ಷರ

ಹೆದ್ದಾರಿ ತನಗೆ ಬೇಕಾದಷ್ಟು ಕೊಯ್ದುಕೊಂಡು ಹೋದಮೇಲೆ
ಬಂದ್ಯೋಡಿನ ಹಳೇ ಸೋಡಾ ಫ್ಯಾಕ್ಟರಿಯಲ್ಲಿ ಉಳಿದದ್ದು
ಒಂದೂವರೆ ಕೋಣೆ,
ಎಲ್ಲಿಗೂ ಹತ್ತದ ಆರು ಮೆಟ್ಟಿಲು,
ಗೋಡೆಯ ಮೇಲೆ ನೀಲಿಯಲ್ಲಿ ಬರೆದ 'ಡಾ'.
'ಸೋ' ರಸ್ತೆಗೆ ಹೋಗಿದೆ.
ಇಷ್ಟನ್ನು ನಾನು ಕೊಂಡೆ.

ಮಸ್ಕತ್ತಿನ ಹೋಟೆಲಿನ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷ ಬಿಳಿ ಹಾಸುಬಟ್ಟೆ ತೀಡಿದ ಕೈ ಇದು.
ಅಲ್ಲಿ ಕಿಟಕಿ ಇರಲಿಲ್ಲ.
ಅದಕ್ಕೇ ಇಲ್ಲಿ ಬಾಗಿಲಿಗಿಂತ ಮೊದಲು ಕಿಟಕಿ ಇಡಿಸಿದೆ.
"ಎಂತ ವಿಮಲಕ್ಕ, ನೀವು ಹಾರಿ ಒಳಗೆ ಹೋಗುದಾ?"
ವಾಮನ ಆಚಾರಿ ಕೇಳಿದ, ಉಳಿ ಕೆಳಗಿಟ್ಟು ನಕ್ಕ.
ಬಾಗಿಲು ಬರುವವರೆಗೆ ಹಾಗೇ ಹೋದೆ.

ಸಿಮೆಂಟು ಚೀಲಕ್ಕೆ ಎರಡು ರಿಯಾಲು,
ಮರಳು ಲೋಡಿಗೆ ಇಷ್ಟು ರಿಯಾಲು,
ಮನಸ್ಸು ಈಗಲೂ ಕಡಲಿನ ಆಚೆ ನಿಂತೇ ಎಣಿಸುತ್ತದೆ.
ಆಚೆ ಇದ್ದಾಗ ಎಲ್ಲವನ್ನೂ ರೂಪಾಯಿ ಮಾಡುತ್ತಿತ್ತು.

ಪಂಚಾಯತಿನ ಅರ್ಜಿ ಮಲಯಾಳದಲ್ಲಿ.
ನಾನು ಕನ್ನಡದಲ್ಲಿ ತುಂಬಿಸಿದೆ.
ಗುಮಾಸ್ತ ಸುಗತನ್, ತೆಂಕು ಕಡೆಯವನು, ಒಳ್ಳೆಯವನೇ,
ಕಾಗದವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ
ಖೋಟಾ ನೋಟು ನೋಡುವ ಹಾಗೆ.
"ಚೇಚಿ ಹೊರಗಿನವರಾ?"
ನನ್ನ ಅಜ್ಜಿಯ ಬಾವಿ ಅವನ ಕಿಟಕಿಯಿಂದ ಕಾಣುತ್ತಿತ್ತು.
ಬಾವಿಗೆ ಭಾಷೆ ಇಲ್ಲ, ಏನೆಂದು ಹೇಳಲಿ.
ಮಸ್ಕತ್ತಿನ ಕಾರ್ಡಿನಲ್ಲಿ ನನ್ನ ಹೆಸರಿಗೆ ಒಂದಕ್ಷರ ಹೆಚ್ಚಿತ್ತು,
ಲೈಸೆನ್ಸಿನಲ್ಲಿ ಒಂದು ಕಡಿಮೆ ಬಿದ್ದಿದೆ.
ಕೂಡಿಸಿ ಕಳೆದರೆ ಲೆಕ್ಕ ಸರಿಹೋಗುತ್ತದೆ.

ಸಾಬೂನು ನೀರು ಎಲ್ಲಿಗೆ ಬಿಡುತ್ತೀರಿ ಎಂದು
ಇನ್ನೊಂದು ಆಫೀಸು ಕೇಳಿತು.
ಇಂಗುಗುಂಡಿ ತೋಡಲು ಮಿಠುನ್ ಬಂದ, ಮುರ್ಷಿದಾಬಾದಿನ ಹುಡುಗ.
ಅವನಿಗೂ ನನಗೂ ನಡುವೆ ಇದ್ದದ್ದು
ಪಾಕಿಸ್ತಾನದ ಡ್ರೈವರುಗಳಿಂದ ನಾನು ಕಲಿತ ಮುರುಕು ಹಿಂದಿ.
ಮೂರಡಿಗೆ ಗುದ್ದಲಿ ಠಣ್ಣೆಂದಿತು.
ಗೋಲಿಗಳು. ಹಸಿರು, ಮಂಜು ಹಿಡಿದ, ಬುಟ್ಟಿಗಟ್ಟಲೆ ಗೋಲಿಗಳು.
ಅವನು ಒಂದನ್ನು ಅಂಗಿಗೆ ಉಜ್ಜಿ ಸೂರ್ಯನಿಗೆ ಹಿಡಿದ,
ಇನ್ನೊಂದು ಉಜ್ಜಿದ,
ಮತ್ತೊಂದು.
"ಯಲ್ಲಾ, ಯಲ್ಲಾ! ಜಲ್ದಿ!"

ಯಾರ ದನಿ ಅದು?
ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು
ಚಪ್ಪಾಳೆ ತಟ್ಟುತ್ತಿದ್ದವನ ದನಿ.
ನನ್ನ ಕೈಗಳೂ ಚಪ್ಪಾಳೆ ತಟ್ಟಿ ನಿಂತಿದ್ದವು.

ಆಮೇಲೆ ಚಾ ತರಿಸಿದೆ. ಮಾಫಿ ಕೇಳಲಿಲ್ಲ, ಬರಲಿಲ್ಲ.
ಅವನು ಮೊಬೈಲಿನಲ್ಲಿ ತನ್ನ ಊರಿನ ಗೋಡೆ ತೋರಿಸಿದ,
ಲಿಂಟಲ್ ತನಕ ಎದ್ದು ನಿಂತಿದೆ, ಮೇಲೆ ಆಡು ಕೂತಿದೆ.
"ದೀದಿ, ಇಲ್ಲಿ ಇಟ್ಟಿಗೆಗೆ ಎಷ್ಟು?"
ಹೇಳಿದೆ. ಅವನಲ್ಲಿ ಅಗ್ಗ.
ಮರಳು ಮಾತ್ರ ಅಲ್ಲೂ ಕಳ್ಳರ ಕೈಯಲ್ಲಂತೆ.
ಗೋಲಿ ಒಂದು ಕಿಸೆ ತುಂಬ ಕೊಂಡುಹೋದ.

ಬೋರ್ಡು ಬರೆಯುವ ಶಂಸೀರ್
ಮಲಯಾಳದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ 'ಲಾಂಡ್ರಿ' ಬರೆದು
ಕನ್ನಡಕ್ಕೆ ಬರುವಾಗ ಹಲಗೆ ಮುಗಿದಿತ್ತು.
"ಆ ಹಳೇ ಅಕ್ಷರ ಒರೆಸಿ ಅಲ್ಲೇ ಬರೆಯಲಾ?"
ನಾಳೆ ಎಂದೆ.
ಆ ನಾಳೆಗೆ ಮೊದಲೇ ಅಂಗಡಿ ತೆರೆಯಿತು.

ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಗಿರಾಕಿ,
ಧರ್ಮತ್ತಡ್ಕ ಕಡೆಯ ಐತಪ್ಪಜ್ಜ,
ಕನ್ನಡ ಬಿಟ್ಟು ಬೇರೆ ಅಕ್ಷರ ಅರಿಯದವರು.
ಮಂಡೆಗೆ ಬೈರಾಸು ಸುತ್ತಿಕೊಂಡು, ನಡುಗುತ್ತಾ
ಗೋಡೆ ನೋಡಿ ಒಳಗೆ ಬಂದರು.
"ಡಾಕ್ಟ್ರು ಉಂಟಾ?"

ಇಲ್ಲ ಅಜ್ಜ ಎಂದು ಹೇಳುವಷ್ಟರಲ್ಲಿ ಬೆಂಚಿನಲ್ಲಿ ಕೂತಿದ್ದರು.
ಅಂಗಿ ಬೆವರಿಗೆ ಒದ್ದೆ.
ಬಿಚ್ಚಿಸಿ, ನೀರು ಚಿಮುಕಿಸದೆ, ಕಾಲರಿನಿಂದ ಶುರುಮಾಡಿ ತೀಡಿದೆ.
ಹಬೆ ಎದ್ದಿತು. ಅವರು ಅದರ ಕಡೆಗೆ ಮುಖ ಚಾಚಿದರು.
ಬಿಸಿ ಅಂಗಿ ತೊಟ್ಟು ಕಣ್ಣು ಮುಚ್ಚಿ
"ಹಾ" ಎಂದರು, ಇನ್ನೊಮ್ಮೆ "ಹಾ".
ನಿಜವಾದ ಡಾಕ್ಟರು ಕುಂಬಳೆಯಲ್ಲಿ,
ಬಸ್ಸು ಹತ್ತೂಕಾಲಕ್ಕೆ ಎಂದೆ.

"ಎಷ್ಟಾಯಿತು?"
"ಹತ್ತು ರೂಪಾಯಿ."
ಎಣಿಸಿ ಕೊಟ್ಟು, ಬಾಗಿಲಲ್ಲಿ ನಿಂತು ತಿರುಗಿದರು.
"ಚೀಟಿ ಬರೆದು ಕೊಡಿ."

ಬಿಲ್ ಪುಸ್ತಕದ ಮೊದಲ ಹಾಳೆ ಬಿಡಿಸಿದೆ.
ಅಚ್ಚಾದ ಗೆರೆಗಳ ಮೇಲೆ, ಅವರು ಓದುವ ಹಾಗೆ ದೊಡ್ಡದಾಗಿ ಬರೆದೆ:
ಅಂಗಿ, ಒಂದು.